ಶುಕ್ರವಾರದ ಬಾಡು

ಆ ಶುಕ್ರವಾರ ನಾನು ಚಿರತೆಗೆ ಬಾಡು ಹಾಕಲಿಲ್ಲ. ಹಾಕಿದೆ ಎಂದು ತಂಗಿಗೆ ಹೇಳಿದೆ. ಮಾರನೆಯ ದಿನ ಅವಳು ಮತ್ತೆ ಕೇಳಿದಳು, ಆಗಲೂ ಹಾಕಿದೆ ಎಂದೇ ಹೇಳಿದೆ. ನನ್ನ ತಪ್ಪು ಇಷ್ಟೇ ಆಗಿದ್ದರೆ ಇದನ್ನು ಬರೆಯಲು ಕೂರುತ್ತಿರಲಿಲ್ಲವೇನೋ. ಆಮೇಲೆ ಆಸ್ಪತ್ರೆಯ ಮಂಚದ ಮೇಲೆ ಮಲಗಿದ್ದ ತಂಗಿ ನನ್ನನ್ನು ಹತ್ತಿರ ಕರೆದು ಒಂದು ಮಾತು ಹೇಳಿದಳು. ಆಗ ನಾನು ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಮೊದಲಿನದಕ್ಕಿಂತ ಇದು ದೊಡ್ಡ ತಪ್ಪು.

ನಾನು ನಾಲ್ಕನೆಯ ಕ್ಲಾಸಿನ ತನಕ ಓದಿದವಳು. ದಿನಸಿ ಚೀಟಿ ಬಿಟ್ಟರೆ ಬೇರೇನೂ ಬರೆದು ಅಭ್ಯಾಸವಿಲ್ಲ. ಹಿಂದುಮುಂದಾದರೆ ಓದುವವರು ಸರಿ ಮಾಡಿಕೊಳ್ಳಬೇಕು.

ನಮ್ಮ ಮನೆ ಇದ್ದದ್ದು ನಾಯಂಡಹಳ್ಳಿ ದಾಟಿ ಕೆಂಗೇರಿ ಕಡೆಗೆ ಹೋಗುವಾಗ, ಮೈಸೂರು ರಸ್ತೆಯಿಂದ ಎರಡು ಹೊಲ ಒಳಗೆ. ಆಗ ಅಲ್ಲೆಲ್ಲ ರಾಗಿ, ಅವರೆ, ಹುರುಳಿ. ರಸ್ತೆಯ ಎರಡು ಕಡೆಗೂ ಆಲದ ಮರ. ಹಿಂದೆ ವೃಷಭಾವತಿ ಹೊಳೆ. ಆ ನೀರನ್ನು ನಾವು ಕುಡಿಯುತ್ತಿದ್ದೆವು ಎಂದರೆ ಈಗಿನವರು ಮೂಗು ಮುಚ್ಚಿಕೊಂಡು ನಗುತ್ತಾರೆ. ರಸ್ತೆಗೆ ತಾಗಿದಂತೆ ನಮ್ಮದೊಂದು ತುಂಡು ಜಮೀನಿತ್ತು. ಅಡಿಯಲ್ಲಿ ಬಂಡೆ, ಏನು ಬಿತ್ತಿದರೂ ಬರುತ್ತಿರಲಿಲ್ಲ. ಅದನ್ನು ಪೇಟೆಯ ಒಬ್ಬ ಮರದ ಕಂಟ್ರಾಕ್ಟರು ಬಾಡಿಗೆಗೆ ಹಿಡಿದರು. ನಾವು ಅವರನ್ನು ಧಣಿ ಅನ್ನುತ್ತಿದ್ದೆವು. ಮೊದಲು ಅಲ್ಲಿ ಒಂದು ಕಾಫಿ ಹೋಟೆಲು ಹಾಕಿದರು. ಮೈಸೂರಿಗೆ ಹೋಗುವ ಕಾರುಗಳು ನಿಲ್ಲಲಿಲ್ಲ. ಬೆಂಗಳೂರು ಬಿಟ್ಟು ಅರ್ಧ ಗಂಟೆಗೇ ಯಾರಿಗೆ ಕಾಫಿ ಬೇಕು? ಆಗ ಧಣಿ ಕಾಡಿನಿಂದ ಒಂದು ಕರಡಿ ತಂದು ಆಲದ ಮರಕ್ಕೆ ಕಟ್ಟಿದರು. ಕಾರುಗಳು ನಿಂತವು.

ಕರಡಿಯ ಹಿಂದೆ ಹೆಬ್ಬಾವು ಬಂತು, ಮುಳ್ಳುಹಂದಿ ಬಂತು, ಎರಡು ನವಿಲು ಬಂದವು. ಯಾವುದಕ್ಕೂ ಸುಖವಿರಲಿಲ್ಲ. ಕರಡಿಯ ಒಂದು ಕಣ್ಣಿಗೆ ಯಾರೋ ಉರಿಯುವ ಸಿಗರೇಟು ಎಸೆದು ಅದು ಬೆಳ್ಳಗಾಗಿತ್ತು. ಮುಳ್ಳುಹಂದಿಯ ಮುಳ್ಳುಗಳನ್ನು ಬಂದವರ ಮಕ್ಕಳು ಕಿತ್ತುಕೊಂಡು ಹೋಗುತ್ತಿದ್ದವು. ಒಂದು ಚಳಿಗಾಲ ಹೆಬ್ಬಾವು ಸತ್ತೇಹೋಯಿತು. ಸತ್ತ ಮೇಲೂ ಎರಡು ದಿನ ಅದನ್ನು ಗಾಜಿನ ಪೆಟ್ಟಿಗೆಯಲ್ಲಿ ಸುತ್ತಿ ಇಟ್ಟಿದ್ದರು. ಮಲಗಿದೆ ಎಂದುಕೊಂಡು ಜನ ನೋಡಿಹೋದರು.

ಕೊನೆಗೆ ಬಂದದ್ದು ಚಿರತೆ. ಸಾವನದುರ್ಗದ ಕಡೆಯ ಕಾಡಿನಲ್ಲಿ ಮರ ಕಡಿಯುವವರಿಗೆ ಸಿಕ್ಕ ಮರಿ. ಇನ್ನೂ ಸರಿಯಾಗಿ ಕಣ್ಣು ಬಿಟ್ಟಿರಲಿಲ್ಲ. ಧಣಿ ಅದನ್ನು ಗೋಣಿಚೀಲದಲ್ಲಿ ತಂದು ನಮ್ಮ ಜಗಲಿಯ ಮೇಲೆ ಇಟ್ಟು, "ಬದುಕಿಸ್ಕೊಟ್ರೆ ಒಳ್ಳೇದು, ಇಲ್ದಿದ್ರೆ ಚರ್ಮನಾದ್ರೂ ಆಯ್ತು" ಅಂದರು. ತಂಗಿಗೆ ಆಗ ಹದಿಮೂರು ವರ್ಷ, ನನಗಿಂತ ಎರಡು ವರ್ಷ ಚಿಕ್ಕವಳು. ಅವಳು ಬಟ್ಟೆಯ ಬತ್ತಿ ಹೊಸೆದು ಮೇಕೆಯ ಹಾಲಿನಲ್ಲಿ ಅದ್ದಿ ಅದರ ಬಾಯಿಗೆ ಇಟ್ಟಳು. ಬದುಕಿತು. ಅವಳ ಮಡಿಲಲ್ಲೇ ಬೆಳೆಯಿತು. ನಾಯಿಯಷ್ಟು ದೊಡ್ಡದಾದ ಮೇಲೆ ಧಣಿ ಬೋನಿಗೆ ಹಾಕಿಸಿದರು. ಅದಕ್ಕೆ ಬೇರೆ ಹೆಸರಿಡಲಿಲ್ಲ. ತಂಗಿ ಕೂಸು ಅನ್ನುತ್ತಿದ್ದಳು.

ಧಣಿ ರಸ್ತೆಯ ಪಕ್ಕ ತಗಡಿನ ಬೋರ್ಡು ನಿಲ್ಲಿಸಿ ಅದರ ಮೇಲೆ ಹುಲಿಯ ಚಿತ್ರ ಬರೆಸಿದ್ದರು. ಒಂದು ಸಲ ಬಸ್ಸಿನಿಂದ ಇಳಿದವರೊಬ್ಬರು ಜಗಳಕ್ಕೇ ನಿಂತರು. "ಏನ್ರೀ, ಬೋರ್ಡ್ ಮೇಲೆ ಹುಲಿ, ಒಳಗಡೆ ದೊಡ್ಡ ಬೆಕ್ಕಾ?"

"ಬೋರ್ಡ್ ಬರೆಯೋನಿಗೆ ಪಟ್ಟೆ ಬರ್ತಿತ್ತು, ಚುಕ್ಕೆ ಬರ್ತಿರ್ಲಿಲ್ಲ ಸ್ವಾಮಿ. ಕಾಫಿ ತಗೊಳ್ಳಿ" ಅಂದರು ಧಣಿ.

ಬೋನಿನ ಕೆಲಸ ನಮ್ಮಿಬ್ಬರದು. ಅದರಲ್ಲಿ ಧಣಿ ಒಂದು ಕಟ್ಟುನಿಟ್ಟು ಮಾಡಿದ್ದರು. ಬಾಡು ಹಾಕುವ ಕೈ ಬೇರೆ, ಹಾಲು ಕೊಡುವ ಕೈ ಬೇರೆ. ಬಾಡು ಹಿಡಿದ ಕೈಯನ್ನು ಎಷ್ಟು ತೊಳೆದರೂ ಪ್ರಾಣಿಗೆ ಅದು ತಿನ್ನುವ ವಸ್ತುವೇ. ಹಾಲಿನ ಕೈ ಮಾತ್ರ ಕಂಬಿಯ ಒಳಗೆ ಹೋಗಬಹುದು, ಅದೂ ಹೊಟ್ಟೆ ತುಂಬಿದ ಚಿರತೆಯ ಮುಂದೆ. ಹಾಲಿನ ಕೈ ತಂಗಿಯದು. ಬಾಡಿನ ಕೈ ನನ್ನದು.

ಮಧ್ಯಾಹ್ನ ಕಳೆದ ಮೇಲೆ ಕೆಂಗೇರಿಯ ಕಟುಕರು ಸೈಕಲ್ಲಿನಲ್ಲಿ ಒಂದು ಮಂಕರಿ ತಂದಿಡುತ್ತಿದ್ದರು. ಮೇಲೆ ಮುತ್ತುಗದ ಎಲೆ, ಒಳಗೆ ಕುರಿಯ ತಲೆ, ಬೋಟಿ, ಮೂಳೆ. ನಾನು ಅದನ್ನು ಬೋನಿನ ಹಿಂದೆ, ಯಾರಿಗೂ ಕಾಣದ ಕಡೆ, ಮಚ್ಚಿನಲ್ಲಿ ಕೊಚ್ಚಿ ಕೆಳಗಿನ ಕಿಂಡಿಯಿಂದ ಒಳಗೆ ತಳ್ಳುತ್ತಿದ್ದೆ. ತಂಗಿಯ ಕೆಲಸ ಮುಂದುಗಡೆ. ಕಾರು ನಿಂತಾಗ ಅವಳು ಬಲಗೈಯ ಅಂಗೈಗೆ ಹಾಲಿನ ಕೆನೆ ಬಳಿದುಕೊಂಡು ಕಂಬಿಯ ನಡುವೆ ಚಾಚುತ್ತಿದ್ದಳು. ಚಿರತೆ ಬಂದು ನೆಕ್ಕುತ್ತಿತ್ತು. ಹೆಂಗಸರು ಕಿರುಚಿ ಗಂಡಂದಿರ ತೋಳು ಹಿಡಿಯುತ್ತಿದ್ದರು. ಅದರ ನಾಲಗೆ ತುರಿಯುವ ಮಣೆಯಂತೆ ಒರಟು. ಅವಳ ಅಂಗೈ ಯಾವಾಗಲೂ ಕೆಂಪಗೆ ಇರುತ್ತಿತ್ತು. ಉರಿಯುವುದಿಲ್ಲವೇ ಎಂದರೆ, "ಅದಕ್ಕೆ ಮುತ್ತು ಕೊಡೋಕೆ ಬೇರೆ ತರ ಬರಾಕಿಲ್ವಲ್ಲ ಅಕ್ಕ" ಅನ್ನುತ್ತಿದ್ದಳು.

ಒಂದು ಸಲ ಬಿಳಿಯ ಗಂಡ ಹೆಂಡತಿ ಇಳಿದು ಅವಳ ಫೋಟೋ ತೆಗೆದುಕೊಂಡು ಹೋದರು. ನಾನು ಬೋನಿನ ಹಿಂದೆ ನಿಂತಿದ್ದೆ, ಕೈಯಲ್ಲಿ ಮಚ್ಚು, ಸುತ್ತ ನೊಣ. ನನ್ನನ್ನು ಯಾರೂ ನೋಡಲಿಲ್ಲ. ನನಗೆ ಹೊಟ್ಟೆಕಿಚ್ಚಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಈಗ ಅನ್ನಿಸುತ್ತದೆ, ತಂಗಿಯ ಬಲಗೈ ಐದು ಬೆರಳಿನೊಂದಿಗೆ ಉಳಿದಿರುವುದು ಯಾವುದೋ ದೇಶದ ಯಾವುದೋ ಮನೆಯ ಆ ಫೋಟೋದಲ್ಲಿ ಮಾತ್ರ.

ಇನ್ನು ಶ್ರಾವಣದ ವಿಷಯ. ನಮ್ಮದು ತಿರುಪತಿ ತಿಮ್ಮಪ್ಪನ ಒಕ್ಕಲು. ಶ್ರಾವಣದ ಶನಿವಾರಗಳಲ್ಲಿ ನಮ್ಮ ಮನೆಯಲ್ಲಿ ಒಲೆ ಸಾರಿಸಿ, ಹೊಸ ಮಡಕೆಯಲ್ಲಿ ಅನ್ನ ಮಾಡಿ, ದಾಸಯ್ಯನನ್ನು ಕರೆಸಿ ಶಂಖ ಊದಿಸಿ ದೇವರಿಗೆ ತಳಿಗೆಯ ಎಡೆ ಇಡುತ್ತಿದ್ದರು. ಗಂಡಸರು ನಾಮ ಇಟ್ಟುಕೊಂಡು ಮನೆ ಮನೆಗೆ ಪಡಿ ಬೇಡಲು ಹೋಗುತ್ತಿದ್ದರು. ಆ ದಿನ ನಾವು ಬಾಡು ತಿನ್ನುವುದಿರಲಿ, ನಮ್ಮ ಜಮೀನಿನ ಮೇಲೆ ಬಾಡಿನ ಚೂರು ಇರಬಾರದು. ಚಿರತೆಯನ್ನು ಬೋನಿಗೆ ಹಾಕಿಸುವಾಗಲೇ ಅಪ್ಪ ಧಣಿಗೆ ಈ ಮಾತು ಹೇಳಿದ್ದರು. ಧಣಿ ನಕ್ಕು, "ಚಿರತೆಗೂ ನಾಮ ಹಾಕಿಬಿಡಿ ಗೌಡ್ರೆ" ಅಂದರಂತೆ. ಅಪ್ಪ ನಗಲಿಲ್ಲವಂತೆ. ಕೊನೆಗೆ ಒಪ್ಪಂದವಾಯಿತು. ಶ್ರಾವಣದಲ್ಲಿ ಶುಕ್ರವಾರ ಎರಡು ದಿನದ ಬಾಡನ್ನು ಒಟ್ಟಿಗೆ ಹಾಕುವುದು, ಶನಿವಾರ ಬೋನಿಗೆ ಬರೀ ನೀರು. ಎರಡು ಶ್ರಾವಣ ಹಾಗೇ ನಡೆಯಿತು. ಏನೂ ಆಗಲಿಲ್ಲ.

ಮೂರನೆಯ ಶ್ರಾವಣಕ್ಕೆ ನನಗೆ ಹದಿನೆಂಟು ನಡೆಯುತ್ತಿತ್ತು. ಅತ್ತಿಗುಪ್ಪೆಯಿಂದ ಗಂಡಿನ ಕಡೆಯವರು ನನ್ನನ್ನು ನೋಡಲು ಬರುತ್ತೇವೆಂದು ಹೇಳಿ ಕಳಿಸಿದರು. ಅವರೂ ತಿಮ್ಮಪ್ಪನ ಒಕ್ಕಲೇ. ಶ್ರಾವಣ ಶನಿವಾರವೇ ಒಳ್ಳೆಯ ದಿನ ಎಂದರು. ಅದಕ್ಕೆ ಮುಂಚೆ ಎರಡು ಕಡೆಯವರು ನನ್ನನ್ನು ನೋಡಿ ಬೇಡವೆಂದಿದ್ದರು. "ಹುಡುಗಿ ಮೈ ಕಸಾಯಿಖಾನೆ ನಾತ" ಎಂದು ಅವರಲ್ಲೊಬ್ಬ ಮುದುಕಿ ಹೇಳಿದ್ದು ಅವ್ವನ ಕಿವಿಗೂ ನನ್ನ ಕಿವಿಗೂ ಬಿದ್ದಿತ್ತು. ಈ ಸಲ ಅವ್ವ ಮುಂಚೆಯೇ ಹೇಳಿ ಕಳಿಸಿದ್ದಳು. ಬೋನಿನ ಕೆಲಸವೆಲ್ಲ ಚಿಕ್ಕವಳದು, ದೊಡ್ಡವಳು ಮನೆಕೆಲಸ ಬಿಟ್ಟು ಏನೂ ಮುಟ್ಟುವುದಿಲ್ಲ ಎಂದು.

ಶುಕ್ರವಾರ ಬೆಳಿಗ್ಗೆ ಅವ್ವ ನನಗೆ ತಲೆಗೆ ಎಣ್ಣೆ ಹಚ್ಚಿ ಸೀಗೆಕಾಯಿ ಹಾಕಿ ಎರೆದಳು. ಉಗುರಿನ ಸಂದಿಯನ್ನು ಹುಣಸೆಹಣ್ಣಿನಲ್ಲಿ ತಿಕ್ಕಿದಳು. ಮೊಣಕೈ ತನಕ ಅರಿಶಿನ ಹಚ್ಚಿ, "ಇವತ್ತೊಂದಿನ ಕೋಲಲ್ಲಿ ತಳ್ಳಿ ಬಂದ್ಬಿಡಮ್ಮಿ, ಕೈ ಹಾಕ್ಬೇಡ" ಅಂದಳು.

ಮಂಕರಿ ತಡವಾಗಿ ಬಂತು. ಎರಡು ದಿನದ್ದು, ತುಂಬಿ ತುಳುಕುತ್ತಿತ್ತು. ಮೂರು ಕುರಿಯ ತಲೆ ಇಡಿಯಾಗಿದ್ದವು. ಕಿಂಡಿಯಲ್ಲಿ ಅವು ಹಿಡಿಸುವುದಿಲ್ಲ. ಕೊಚ್ಚಲೇಬೇಕು, ಕೊಚ್ಚಿದರೆ ಮೈಗೆಲ್ಲ ಸಿಡಿಯುತ್ತದೆ. ಧಣಿ ಪೇಟೆಗೆ ಹೋಗಿದ್ದರು. ಅಪ್ಪ ಕೆಂಗೇರಿಯಲ್ಲಿ ದಾಸಯ್ಯನಿಗೆ ಹೇಳಲು ಹೋಗಿದ್ದರು. ನಾನು ಮಂಕರಿಯ ಮುಂದೆ ಕೂತುಕೊಂಡೆ. ನನ್ನ ಕೈ ಮೂಸಿ ನೋಡಿಕೊಂಡೆ. ಹುಟ್ಟಿದ ಮೇಲೆ ಮೊದಲ ಸಲ ಅದು ಹೆಣ್ಣುಮಗಳ ಕೈಯ ಹಾಗೆ ಇತ್ತು.

ಒಂದು ದಿನ ತಿನ್ನದಿದ್ದರೆ ಏನಾದೀತು ಅನ್ನಿಸಿತು. ಭಾನುವಾರ ಹೆಚ್ಚಿಗೆ ಹಾಕಿದರಾಯಿತು. ಆದರೆ ಮಂಕರಿಯನ್ನು ಅಲ್ಲೇ ಬಿಡುವಂತಿರಲಿಲ್ಲ. ಮಾರನೆಯ ದಿನ ಶ್ರಾವಣ ಶನಿವಾರ, ಜಮೀನಿನ ಮೇಲೆ ಬಾಡು ಸಿಕ್ಕರೆ ಅಪ್ಪ ಸುಮ್ಮನಿರುವವರಲ್ಲ. ಮಂಕರಿಯ ಕಿವಿಗೆ ಹಗ್ಗ ಕಟ್ಟಿ, ಕೈ ತಾಗದ ಹಾಗೆ ಎಳೆದುಕೊಂಡು ಹೋಗಿ ಹೊಳೆಯ ದಡದಲ್ಲಿ ಕೋಲಿನಿಂದ ಉರುಳಿಸಿದೆ. ಹದ್ದುಗಳು ಇಳಿದವು. ಹಿಂದೆ ಬೋನಿನಲ್ಲಿ ಚಿರತೆ ಎದ್ದು ನಿಂತಿತ್ತು. ಅದಕ್ಕೆ ವಾಸನೆ ಸಿಕ್ಕಿತ್ತು. ಬಾಡು ಬಂದದ್ದೂ ಗೊತ್ತು, ಹೋದದ್ದೂ ಗೊತ್ತು. ನಾನು ಅದರ ಮುಖ ನೋಡದೆ ಬಂದೆ.

ಬಾವಿಯ ಹತ್ತಿರ ತಂಗಿ ಸಿಕ್ಕಳು. "ಹಾಕ್ದಾ ಅಕ್ಕ?"

"ಹಾಕ್ದೆ."

"ಹೊಟ್ಟೆ ತುಂಬ?"

"ಹೂಂ ಕಣೇ, ತಲೆ ತಿನ್ಬೇಡ."

"ನಿನ್ ತಲೆ ನಾನ್ಯಾಕೆ ತಿನ್ಲಿ, ನಾಳೆ ನಿಮ್ಮತ್ತೆ ತಿಂತಾಳೆ" ಎಂದು ನಕ್ಕು ನೀರು ಸೇದತೊಡಗಿದಳು. ಅವಳ ಎರಡೂ ಕೈ ಹಗ್ಗದ ಮೇಲೆ ಒಂದಾದ ಮೇಲೊಂದು ಹೋಗುತ್ತಿದ್ದುದು ನನಗೆ ಇವತ್ತಿಗೂ ಕಾಣುತ್ತದೆ.

ಶನಿವಾರ ದಾಸಯ್ಯ ಬಂದ, ಶಂಖ ಊದಿದ, ತಳಿಗೆ ಆಯಿತು. ಬಿಸಿಲು ಇಳಿಯುವ ಹೊತ್ತಿಗೆ ಅತ್ತಿಗುಪ್ಪೆಯವರ ಕಮಾನು ಗಾಡಿ ಬಂತು. ಗಂಡು, ಅವರ ಅಪ್ಪ, ಅವ್ವ, ಇಬ್ಬರು ನೆಂಟರು. ನಾನು ಅವ್ವನ ಮದುವೆ ಸೀರೆ ಉಟ್ಟು ತಾಂಬೂಲದ ತಟ್ಟೆ ಹಿಡಿದು ಬಂದೆ. ಗಂಡಿನ ಅವ್ವ ನನ್ನ ಕೈ ಹಿಡಿದುಕೊಂಡಳು. ಎಲ್ಲರ ಮುಂದೆ ಮೂಗಿನ ಹತ್ತಿರ ತಂದು ಮೂಸಿದಳು.

"ಅರಿಶಿನದ ವಾಸ್ನೆ" ಅಂದಳು. "ಒಳ್ಳೆ ಕೈ."

ಅವ್ವ ಒಳಗೆ ಹೋಗಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಅಲ್ಲಿಗೆ ಮುಗಿದಿದ್ದರೆ ಮುಗಿಯುತ್ತಿತ್ತು. ಆದರೆ ಗಂಡಿನ ಅಪ್ಪ ಎಲೆಯಡಿಕೆ ಹಾಕಿಕೊಂಡು, "ಅದೇನೋ ನಿಮ್ ಚಿಕ್ಮಗ್ಳು ಚಿರ್ತೆ ಬಾಯಿಗೆ ಕೈ ಕೊಡ್ತಾಳಂತಲ್ಲ ಗೌಡ್ರೆ, ನಮ್ಗೂ ಒಂದ್ಸಲ ತೋರ್ಸಿ" ಅಂದರು. ಅಪ್ಪನಿಗೆ ಹೆಮ್ಮೆ. ಎಲ್ಲರೂ ರಸ್ತೆಯ ಕಡೆ ಹೊರಟೆವು. ಧಣಿಯೂ ಹೋಟೆಲಿನಿಂದ ಎದ್ದು ಬಂದರು. ತಂಗಿ ಬಟ್ಟಲಲ್ಲಿ ಕೆನೆ ತಂದಳು.

ಚಿರತೆ ಆ ದಿನ ಬೋನಿನಲ್ಲಿ ಎಂದಿನ ಹಾಗೆ ಸುತ್ತುತ್ತಿರಲಿಲ್ಲ. ಒಂದು ಮೂಲೆಯಲ್ಲಿ ಹೊಟ್ಟೆಯನ್ನು ನೆಲಕ್ಕೆ ಹಚ್ಚಿ ಕೂತು ಬಾಲದ ತುದಿಯನ್ನು ಮಾತ್ರ ಆಡಿಸುತ್ತಿತ್ತು. ಬಾಯಿಂದ ಜೊಲ್ಲು ಎಳೆಯಾಗಿ ಇಳಿದಿತ್ತು. ಅದು ತಿಂದು ಎರಡು ದಿನವಾಗಿತ್ತು. ಅಲ್ಲಿದ್ದವರಲ್ಲಿ ಅದು ಗೊತ್ತಿದ್ದವಳು ನಾನೊಬ್ಬಳೇ.

ತಂಗಿ ಅಂಗೈಗೆ ಕೆನೆ ಬಳಿದುಕೊಂಡವಳು ಅರೆಗಳಿಗೆ ನಿಂತಳು. ನನ್ನ ಹತ್ತಿರ ಬಂದು ಪಿಸುಗುಟ್ಟಿದಳು. "ಇವತ್ಯಾಕೋ ಸಿಡುಕ್ತಾ ಐತೆ ಅಕ್ಕ. ನೆನ್ನೆ ಸರ್ಯಾಗಿ ಹಾಕಿದ್ದೆ ತಾನೆ?"

ಗಂಡಿನ ಅವ್ವ ನನ್ನ ಪಕ್ಕದಲ್ಲೇ ಇದ್ದಳು. ನನ್ನ ಕೈ ಇನ್ನೂ ಅವಳ ಕೈಯಲ್ಲಿತ್ತು. ಇಲ್ಲ ಎಂದರೆ ಬಾಡು ಹಾಕುವವಳು ನಾನು ಎಂದು ಗೊತ್ತಾಗುತ್ತದೆ. ಅವ್ವ ಹೇಳಿ ಕಳಿಸಿದ್ದು ಸುಳ್ಳು ಎಂದು ಗೊತ್ತಾಗುತ್ತದೆ. ಶ್ರಾವಣ ಶನಿವಾರದ ಹಿಂದಿನ ದಿನ ಹೊಳೆಗೆ ಬಾಡು ಸುರಿದದ್ದು ಗೊತ್ತಾಗುತ್ತದೆ. ಇಷ್ಟನ್ನೂ ನಾನು ಒಂದೇ ಉಸಿರಿನಲ್ಲಿ ಯೋಚಿಸಿದೆ. ತಂಗಿಯ ಕೈಯನ್ನು ಯೋಚಿಸಲಿಲ್ಲ.

ಬಾಯಿ ಸರಿಯಾಗಿ ತೆರೆಯದೆ, "ಹಾಕಿದ್ದೀನಲ್ಲೇ" ಅಂದೆ.

ಅವಳು ನನ್ನ ಮಾತು ನಂಬಿದಳು. ಹುಟ್ಟಿದಾಗಿನಿಂದ ನಂಬಿಕೊಂಡು ಬಂದವಳು. ಬೋನಿನ ಹತ್ತಿರ ಕೂತು, "ಬಾ ಕೂಸೆ" ಎಂದು ಕೈ ಚಾಚಿದಳು.

ನೆಕ್ಕಲಿಲ್ಲ. ಪಂಜದಿಂದ ಮೊಣಕೈಯನ್ನು ಒಳಗೆ ಎಳೆದುಕೊಂಡು ಮಣಿಕಟ್ಟಿನ ಮೇಲೆ ಬಾಯಿ ಹಾಕಿತು. ಶಬ್ದ ಬಂದದ್ದು ತಂಗಿಯದಲ್ಲ, ಗಂಡಿನ ಅವ್ವನದು. ತಂಗಿ, "ಬೇಡ ಕಣೋ, ಬಿಡೋ, ನಾನು ಕಣೋ" ಎಂದು ಅದಕ್ಕೆ ಹೇಳುತ್ತಲೇ ಇದ್ದಳು, ಬೈಯುವ ದನಿಯಲ್ಲಿ ಕೂಡ ಅಲ್ಲ. ಧಣಿ ಹಾರೆ ತಂದು ಕಂಬಿಯೊಳಗಿಂದ ಅದರ ತಲೆಗೆ ಹೊಡೆದರು. ಐದಾರು ಏಟು ಬಿದ್ದ ಮೇಲೆ ಬಿಟ್ಟಿತು. ಅಪ್ಪ ಹೆಗಲ ಮೇಲಿನ ವಸ್ತ್ರದಲ್ಲಿ ಕೈ ಸುತ್ತಿದರು. ಹೋಟೆಲಿಗೆ ಕಾಫಿಗೆ ನಿಂತಿದ್ದ ಯಾರದೋ ಕಾರಿನಲ್ಲಿ ಪೇಟೆಯ ದೊಡ್ಡಾಸ್ಪತ್ರೆಗೆ ಒಯ್ದರು. ನಾನು ಸೀರೆ ಬದಲಿಸದೆ ಜಗಲಿಯ ಮೇಲೆ ಕೂತಿದ್ದೆ. ಕೆನೆಯ ಬಟ್ಟಲು ಬೋನಿನ ಮುಂದೆ ಹಾಗೇ ಇತ್ತು. ಇರುವೆ ಮುತ್ತಿತ್ತು.

ಭಾನುವಾರ ಬೆಳಿಗ್ಗೆ ಧಣಿ ಪೇಟೆಯಿಂದ ಕೋವಿ ತಂದು ಬೋನಿನಲ್ಲೇ ಚಿರತೆಯನ್ನು ಹೊಡೆದರು. ನಾನು ನೋಡಿದೆ. ಕೋವಿ ಕಂಡರೂ ಅದು ಎದ್ದು ಕಿಂಡಿಯ ಹತ್ತಿರ ಬಂದಿತ್ತು. ನಾನು ಬಂದದ್ದು ಬಾಡು ಹಾಕಲು ಎಂದುಕೊಂಡಿತ್ತು.

ಚರ್ಮ ಸುಲಿಸಿ, ಒಳಗೆ ಹೊಟ್ಟು ತುಂಬಿಸಿ, ಹೋಟೆಲಿನ ಗೋಡೆಗೆ ಹೊಡೆದರು. ಕೆಳಗೆ, ಮನುಷ್ಯರ ಕೈ ಕಡಿದ ಚಿರತೆ ಎಂದು ಬರೆಸಿದರು. ಮೊದಲಿಗಿಂತ ಹೆಚ್ಚು ಕಾರು ನಿಂತವು. ಅಪ್ಪ ರಾಗಿ ಕೊಯ್ಲು ಮುಗಿಯುವ ತನಕ ಸಹಿಸಿ, ಆಮೇಲೆ ಧಣಿಯಿಂದ ಜಾಗ ಬಿಡಿಸಿದರು.

ಆಸ್ಪತ್ರೆಯಲ್ಲಿ ತಂಗಿಯ ಕೈಯನ್ನು ಮಣಿಕಟ್ಟಿಗಿಂತ ಸ್ವಲ್ಪ ಮೇಲಕ್ಕೆ ತೆಗೆದರು. ಹತ್ತು ದಿನ ಜ್ವರ. ಜ್ವರ ಬಿಟ್ಟ ಮೇಲೆ ಒಂದು ಬೆಳಿಗ್ಗೆ ಅವ್ವ ಗಂಜಿ ತರಲು ಹೋಗಿದ್ದಾಗ ನನ್ನನ್ನು ಹತ್ತಿರ ಕರೆದಳು.

"ಅಕ್ಕ, ಒಂದು ಹೇಳ್ತೀನಿ, ಬೈಯಬೇಡ."

"ಹೇಳು."

"ಆವತ್ತು ನಾನು ಹೊರಗಾಗಿದ್ದೆ. ಬೆಳಿಗ್ಗೆನೇ ಆಗಿದ್ದೆ. ಹೇಳ್ಲಿಲ್ಲ."

ನನಗೆ ಮೊದಲು ಅರ್ಥವಾಗಲಿಲ್ಲ. ಅವಳು ಮುಂದುವರಿಸಿದಳು. "ಹೇಳಿದ್ರೆ ಮನೆಯೆಲ್ಲ ಮೈಲಿಗೆ ಅಂತಿದ್ರು. ತಳಿಗೆ ನಿಲ್ಲೋದು. ಅತ್ತಿಗುಪ್ಪೆಯೋರ್ನ ಮುಂದಿನ ವಾರ ಬನ್ನಿ ಅನ್ನೋರು. ಅವ್ರು ಬತ್ತಿದ್ರೋ ಇಲ್ವೋ. ನಿಂಗೆ ಸಂಬಂಧ ಮತ್ತೆ ತಪ್ಪೋಗೋದು. ಅದಕ್ಕೆ ಮುಚ್ಚಿಟ್ಟೆ. ಶ್ರಾವಣ ಶನ್ವಾರ ಮೈಲಿಗೆಲಿ ತಳಿಗೆ ಮುಂದೆ ಓಡಾಡ್ದೆ, ಅದೇ ಮೈಲಿಗೆ ಕೈನ ಕೂಸಿನ ಬಾಯಿಗೆ ಕೊಟ್ಟೆ. ತಿಮ್ಮಪ್ಪ ಸುಮ್ನೆ ಬಿಡ್ತಾನಾ? ಅದ್ರದೇನೂ ತಪ್ಪಿಲ್ಲ ಅಕ್ಕ. ಧಣಿಗೆ ಹೇಳು, ಅದನ್ನ ಹೊಡಿಬೇಡಿ ಅಂತ."

ಅದನ್ನು ಹೊಡೆದದ್ದು ಅವಳಿಗೆ ಯಾರೂ ಹೇಳಿರಲಿಲ್ಲ.

ಅವಳು ನನ್ನ ಮದುವೆಗಾಗಿ ಬಾಯಿ ಮುಚ್ಚಿಕೊಂಡಿದ್ದಳು. ನಾನೂ ನನ್ನ ಮದುವೆಗಾಗಿಯೇ ಬಾಯಿ ಮುಚ್ಚಿಕೊಂಡಿದ್ದೆ. ಆಗ ಅವಳ ತಲೆಯ ಹತ್ತಿರ ಕೂತು ಒಂದು ಮಾತು ಹೇಳಿದ್ದರೆ ಸಾಕಿತ್ತು. ಕೈ ಬರುತ್ತಿರಲಿಲ್ಲ, ಆದರೆ ಅವಳ ಎದೆಯ ಮೇಲಿನ ಆ ಬಂಡೆ ಇಳಿಯುತ್ತಿತ್ತು. ನಾನು ಹೇಳಿದ್ದೇನು? ಬಗ್ಗಿ, ಅವ್ವ ಬರುತ್ತಿದ್ದಾಳೆಯೇ ಎಂದು ನೋಡಿ, "ಇದನ್ನ ಯಾರಿಗೂ ಹೇಳ್ಬೇಡ" ಅಂದೆ.

ಅವಳು ತಲೆಯಾಡಿಸಿದಳು. ಅಕ್ಕ ತನ್ನ ತಪ್ಪನ್ನು ಮುಚ್ಚಿಡುತ್ತಿದ್ದಾಳೆ ಎಂದುಕೊಂಡಳು. ಉಳಿದ ಎಡಗೈಯಿಂದ ನನ್ನ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡಳು.

ಅತ್ತಿಗುಪ್ಪೆಯವರು ಒಂದು ವರ್ಷ ತಡೆದು, ಹೆಣ್ಣು ಒಳ್ಳೆಯದು, ಕೇಡು ಚಿಕ್ಕವಳ ದೆಸೆಯಿಂದ ಆದದ್ದು ಎಂದು ನನ್ನನ್ನು ತಂದುಕೊಂಡರು. ಅತ್ತೆ ಸಾಯುವ ತನಕ ನನ್ನ ಕೈಯಡುಗೆಯನ್ನು ಹೊಗಳಿದಳು. ತಂಗಿಗೆ ಮದುವೆಯಾಗಲಿಲ್ಲ. ಯಾರೂ ಕೇಳಿಕೊಂಡು ಬರಲಿಲ್ಲ. ಅಪ್ಪ ಅವ್ವ ಹೋದ ಮೇಲೆ ನನ್ನ ಗಂಡ ತಾವಾಗಿಯೇ ಹೋಗಿ ಅವಳನ್ನು ನಮ್ಮ ಮನೆಗೆ ಕರೆತಂದರು. ಅವರು ಒಳ್ಳೆಯ ಮನುಷ್ಯ. ಅವರಿಗೂ ನಾನು ಹೇಳಲಿಲ್ಲ.

ಒಂದೇ ಮನೆಯಲ್ಲಿ ಅವಳ ಕಣ್ಣೆದುರು ಬದುಕಿದೆ. ಅವಳು ಎಡಗೈಯಲ್ಲಿ ಎಲ್ಲವನ್ನೂ ಕಲಿತಳು. ಗುಡಿಸುವುದು, ಕಾಯಿ ತುರಿಯುವುದು, ತುರಿಯುವ ಮಣೆಯನ್ನು ಕಾಲಲ್ಲಿ ಒತ್ತಿ ಹಿಡಿದು. ಮುದ್ದೆ ಕಟ್ಟುವುದು ಮಾತ್ರ ಬರಲಿಲ್ಲ. ಅದಕ್ಕೆ ಎರಡು ಅಂಗೈ ಬೇಕು. ಅವಳ ಮುದ್ದೆಯನ್ನು ನಾನೇ ಕಟ್ಟಿ ತಟ್ಟೆಗೆ ಹಾಕುತ್ತಿದ್ದೆ, ಅವಳು ಪ್ರತಿ ಸಲವೂ, "ನಿನ್ನ ಋಣ ಎಲ್ಲಿ ತೀರಿಸ್ಲಿ ಅಕ್ಕ" ಅನ್ನುತ್ತಿದ್ದಳು. ನಾನು ತಲೆ ತಗ್ಗಿಸಿ ಇನ್ನೊಂದು ಮುದ್ದೆ ಕಟ್ಟುತ್ತಿದ್ದೆ.

ದೇವರ ಕೋಣೆಯ ಹೊಸ್ತಿಲನ್ನು ಅವಳು ಯಾವತ್ತೂ ದಾಟಲಿಲ್ಲ. ಶ್ರಾವಣ ಶನಿವಾರ ಸೂರ್ಯ ಮುಳುಗುವ ತನಕ ಹನಿ ನೀರು ಕುಡಿಯುತ್ತಿರಲಿಲ್ಲ. ನನ್ನ ಮೂರು ಮಕ್ಕಳು ಹುಟ್ಟಿದಾಗಲೂ ಮೂರು ತಿಂಗಳು ತುಂಬುವ ತನಕ ಎತ್ತಿಕೊಳ್ಳಲಿಲ್ಲ. "ನನ್ನ ಕೈ ಒಳ್ಳೇದಲ್ಲ, ಸ್ವಲ್ಪ ಗಟ್ಟಿಯಾಗ್ಲಿ" ಅನ್ನುತ್ತಿದ್ದಳು. ಕೂಸು ಕೂಸು ಎಂದು ದೂರದಿಂದಲೇ ಮಾತಾಡಿಸುತ್ತಿದ್ದಳು. ಎಷ್ಟೋ ಸಲ ಹೇಳಿಬಿಡೋಣ ಎಂದುಕೊಂಡೆ. ಮಕ್ಕಳ ಮದುವೆಯಾಗಲಿ, ಗಂಡ ಇರುವ ತನಕ ಬೇಡ, ಅವಳಿಗೆ ಮೈ ಸರಿಯಿಲ್ಲ, ಹೀಗೆ ಒಂದೊಂದು ನೆಪ. ಎಲ್ಲಕ್ಕಿಂತ ದೊಡ್ಡ ಹೆದರಿಕೆ ಬೇರೆ. ಆ ಮನೆಯಲ್ಲಿ ನನ್ನನ್ನು ದೇವರೆಂದು ನೋಡುವವಳು ಅವಳೊಬ್ಬಳಿದ್ದಳು.

ಹೋದ ಶ್ರಾವಣದ ಕೊನೆಯ ಶನಿವಾರ. ನನ್ನ ಸೊಸೆ ಹೂ ತರಲು ಮಾರ್ಕೆಟ್ಟಿಗೆ ಹೋಗಿದ್ದಳು. ನಾನು ಅಡುಗೆಮನೆಯಲ್ಲಿ ಪಾಯಸಕ್ಕೆ ಹಾಲು ಕಾಯಿಸಿ ಕೆನೆ ತೆಗೆಯುತ್ತಿದ್ದೆ. ತಂಗಿ ಉಪವಾಸದಲ್ಲಿ, ಬಾಗಿಲ ಹತ್ತಿರ ನೆಲಕ್ಕೆ ಕೂತಿದ್ದಳು. ನನ್ನ ಮೊಮ್ಮಗಳು, ಹದಿನೈದು ತುಂಬಿದೆ, ಮೆಲ್ಲಗೆ ಬಂದು ಅವಳ ಕಿವಿಯಲ್ಲಿ ಹೇಳಿದಳು. ಪಿಸುಮಾತಾದರೂ ನನಗೆ ಕೇಳಿಸಿತು.

"ಚಿಕ್ಕಜ್ಜಿ, ನಂಗೆ ಪೀರಿಯಡ್ಸ್ ಆಗಿದೆ. ಅಮ್ಮಂಗೆ ಹೇಳ್ಬೇಡಿ ಪ್ಲೀಸ್. ಇವತ್ತು ಪೂಜೆಗೆ ನನ್ ಫ್ರೆಂಡ್ಸ್ ಬರ್ತಾ ಇದಾರೆ."

ತಂಗಿಯ ಮುಖ ಕರ್ರಗಾಯಿತು. ಯಾವಾಗಲೂ ಸೆರಗಿನೊಳಗೆ ಇಟ್ಟುಕೊಳ್ಳುವ ಮೊಂಡುಗೈಯನ್ನು ಹೊರಗೆ ತೆಗೆದಳು. ಅದನ್ನು ಮಕ್ಕಳ ಕಣ್ಣಿಗೆ ಬೀಳದ ಹಾಗೆ ನೋಡಿಕೊಂಡು ಬಂದವಳು, ಆ ಹುಡುಗಿಯ ಮುಖದ ಹತ್ತಿರ ಹಿಡಿದಳು.

"ನೋಡು. ನಿಂದೇ ವಯಸ್ಸಲ್ಲಿ ನಾನೂ ಹಿಂಗೇ ಮುಚ್ಚಿಟ್ಟೆ. ಇದೇ ಶ್ರಾವಣ ಶನ್ವಾರ. ಏನಾಯ್ತು ನೋಡು. ಕೈಯೂ ಹೋಯ್ತು, ಒಂದು ಜೀವನೂ ಹೋಯ್ತು. ಮುಚ್ಚಿಟ್ರೆ ದೇವ್ರು ಹಿಂಗೇ ತಗೊಳ್ಳೋದು."

ಹುಡುಗಿ ಮೊಂಡುಗೈ ನೋಡಿದಳು. ಆಮೇಲೆ ತನ್ನ ಬಲಗೈ ನೋಡಿಕೊಂಡಳು. ಅದನ್ನು ಬೆನ್ನ ಹಿಂದೆ ಇಟ್ಟುಕೊಂಡು ಅಳತೊಡಗಿದಳು.

ಇಷ್ಟು ವರ್ಷ ನನ್ನ ಸುಳ್ಳು ಒಬ್ಬಳನ್ನು ತಿನ್ನುತ್ತಿತ್ತು. ಈಗ ನನ್ನ ಕಣ್ಣೆದುರೇ ಇನ್ನೊಬ್ಬಳ ಮೇಲೆ ಬಾಯಿ ಹಾಕಿತ್ತು. ನಾನು ಒಲೆ ಆರಿಸಿದೆ. ಬೆರಳಿಗೆ ಕೆನೆ ಅಂಟಿಕೊಂಡೇ ಇತ್ತು. ತಂಗಿಯ ಮುಂದೆ ನೆಲಕ್ಕೆ ಕೂತೆ. ಮಂಡಿ ಮಡಚಲು ಆಗುವುದಿಲ್ಲ, ಗೋಡೆ ಹಿಡಿದು ಕೂತೆ.

"ಮಗ, ನಿಂಗೇನೂ ಆಗಲ್ಲ. ಕಣ್ಣೊರೆಸ್ಕೋ, ನೀನೂ ಕೇಳು" ಎಂದು ಹುಡುಗಿಗೆ ಹೇಳಿ ತಂಗಿಯ ಕಡೆ ತಿರುಗಿದೆ. "ನೀನು ಮುಚ್ಚಿಟ್ಟಿದ್ದಕ್ಕಲ್ಲ ಕಣೇ ಕೈ ಹೋಗಿದ್ದು. ನಾನು ಮುಚ್ಚಿಟ್ಟಿದ್ದಕ್ಕೆ."

"ಏನ್ ಮುಚ್ಚಿಟ್ಟೆ ನೀನು?"

"ಆ ಶುಕ್ರವಾರ ನಾನು ಬಾಡು ಹಾಕ್ಲಿಲ್ಲ. ಕೈ ವಾಸನೆ ಬರುತ್ತೆ, ಅವರು ಬೇಡ ಅಂತಾರೆ ಅಂತ ಮಂಕರಿನ ಹೊಳೆಗೆ ಸುರಿದ್ಬಿಟ್ಟೆ. ನೀನು ಎರಡು ಸಲ ಕೇಳ್ದೆ. ಎರಡು ಸಲನೂ ಸುಳ್ಳು ಹೇಳ್ದೆ. ಆಸ್ಪತ್ರೆಲಿ ನೀನು ನಿಂದು ಹೇಳ್ದಾಗ ನನ್ನದು ಹೇಳ್ಬೇಕಿತ್ತು. ಹೇಳ್ಲಿಲ್ಲ."

ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಮೊಂಡುಗೈಯನ್ನು ನಿಧಾನವಾಗಿ ಮಡಿಲಿಗೆ ಇಳಿಸಿಕೊಂಡಳು, ಅದು ಅವಳದಲ್ಲ ಯಾರದೋ ಎನ್ನುವ ಹಾಗೆ.

"ಹಂಗಾದ್ರೆ ಎರಡು ದಿನ ಅದು ಉಪವಾಸ ಇತ್ತಾ ಅಕ್ಕ?" ಅಂದಳು.

"ಇತ್ತು ಕಣೇ. ಉಪವಾಸ ಇತ್ತು. ಅದ್ರದೂ ತಪ್ಪಿಲ್ಲ, ನಿಂದೂ ತಪ್ಪಿಲ್ಲ. ನಂದು ತಪ್ಪಾಯ್ತು ನಮ್ಮವ್ವ. ತಪ್ಪಾಯ್ತು."